ಮಂಕಾದ ಮೂರು ಚುಕ್ಕೆ: ಹಳೆಯ ಪಿಸ್ತೂಲಿಗೆ ಹೊಸ ನೈಟ್ ಸೈಟ್ ಹಾಕಿದ್ದು

ಟ್ರಿಟಿಯಂ ದೀಪ ಬಲ್ಬಿನ ಹಾಗೆ ಒಮ್ಮೆಗೇ ಆರಿಹೋಗುವುದಿಲ್ಲ. ದಿನಾ ಒಂದಿಷ್ಟು ಮಂಕಾಗುತ್ತಾ ಹೋಗುತ್ತದೆ. ಹಾಗಾಗಿ ಪಿಸ್ತೂಲಿನ ನೈಟ್ ಸೈಟ್, ಅಂದರೆ ಕತ್ತಲಲ್ಲೂ ಗುರಿ ಹಿಡಿಯಲೆಂದು ಇಂಥ ದೀಪ ಕೂರಿಸಿದ ಚುಕ್ಕೆಗಳು, ಕೆಲಸಕ್ಕೆ ಬಾರದಂತಾಗಿದೆ ಎನ್ನುವುದು ಅದರ ಮಾಲೀಕರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಹಗಲು ಬಿಳಿ ಚುಕ್ಕೆಗಳು ಚೆನ್ನಾಗಿಯೇ ಕಾಣುತ್ತವೆ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ ಯಾವಾಗಲೂ ಲೈಟು ಉರಿಯುತ್ತಿರುತ್ತದೆ. ಕತ್ತಲಲ್ಲಿ ಯಾರು ತೆಗೆದು ನೋಡುತ್ತಾರೆ?

ನನ್ನದು ಸಿಗ್ ಸಾವರ್ ಪಿ228. ಜರ್ಮನಿಯಲ್ಲಿ 1994ರಲ್ಲಿ ತಯಾರಾದದ್ದು. 9 ಎಂಎಂ, ಮ್ಯಾಗಜೀನ್‌ಗೆ 13 ಗುಂಡು. ದೊಡ್ಡಣ್ಣ ಪಿ226ರ ಚಿಕ್ಕ ರೂಪ. ಅಮೆರಿಕದ ಸೇನೆ ಇದನ್ನೇ ಎಂ11 ಎಂಬ ಹೆಸರಿನಲ್ಲಿ ತೆಗೆದುಕೊಂಡಿತ್ತು. ನಾನು ಇರುವುದು ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಹತ್ತಿರ. ಎಚ್‌1ಬಿ ವೀಸಾದಲ್ಲಿದ್ದಾಗ ಪಿಸ್ತೂಲಿನ ಯೋಚನೆಯೇ ಇರಲಿಲ್ಲ. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ, ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡ್ ಬಂದ ಮೇಲೆ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ಸೆಕೆಂಡ್ ಹ್ಯಾಂಡ್ ಆಗಿಯೇ ಇದನ್ನು ಕೊಂಡೆ. ಮೊದಲು ಯಾವುದೋ ಪೊಲೀಸ್ ಇಲಾಖೆಯಲ್ಲಿದ್ದ ಪಿಸ್ತೂಲು. ಹೊಲ್‌ಸ್ಟರ್‌ಗೆ ಉಜ್ಜಿ ಉಜ್ಜಿ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ) ಅಂಚಿನ ಕಪ್ಪು ಹೋಗಿತ್ತು. ಒಳಗೆ ಮಾತ್ರ ಹೊಸದರ ಹಾಗೆ. ಪೊಲೀಸರ ಪಿಸ್ತೂಲುಗಳ ಕಥೆ ಹೆಚ್ಚಾಗಿ ಹೀಗೇ: ಸೊಂಟದಲ್ಲಿ ಇದ್ದದ್ದು ಜಾಸ್ತಿ, ಗುಂಡು ಹಾರಿಸಿದ್ದು ಕಡಿಮೆ.

ಸೈಟ್‌ಗಳು ಮಾತ್ರ ಹುಟ್ಟಿದಾಗಿನವೇ. ಮುಂದೆ ಒಂದು ಚುಕ್ಕೆ, ಹಿಂದೆ ಎರಡು. ಪ್ರತಿ ಚುಕ್ಕೆಯ ನಡುವೆ ಒಂದು ಪುಟಾಣಿ ಗಾಜಿನ ಕೊಳವೆ. ಕೊಳವೆಯೊಳಗೆ ಟ್ರಿಟಿಯಂ ಅನಿಲ, ಒಳಗೋಡೆಗೆ ಫಾಸ್ಫರ್ ಲೇಪ. ಟ್ರಿಟಿಯಂ ಅಂದರೆ ಹೈಡ್ರೋಜನ್‌ನ ವಿಕಿರಣಶೀಲ ರೂಪ. ಅದರಿಂದ ಹೊರಡುವ ಎಲೆಕ್ಟ್ರಾನ್ ಲೇಪಕ್ಕೆ ಬಡಿದಾಗ ಬೆಳಕು ಬರುತ್ತದೆ. ಬ್ಯಾಟರಿ ಬೇಡ, ಸ್ವಿಚ್ ಬೇಡ, ಬಿಸಿಲಿಗೆ ಹಿಡಿಯುವುದೂ ಬೇಡ. ಆದರೆ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಅಂದರೆ ಹನ್ನೆರಡು ವರ್ಷ ದಾಟಿದಾಗ ಅರ್ಧ ಉಳಿದಿರುತ್ತದೆ, ಇಪ್ಪತ್ತನಾಲ್ಕು ದಾಟಿದಾಗ ಕಾಲು ಭಾಗ. ಮೂವತ್ತು ವರ್ಷಕ್ಕೆ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ವರ್ಷ ಏಟು ತಿಂದ ಫಾಸ್ಫರ್ ಲೇಪವೂ ಸವೆದಿರುತ್ತದೆ. ಹಾಗಾಗಿ ಲೆಕ್ಕ ಹೇಳುವುದಕ್ಕಿಂತಲೂ ಬೆಳಕು ಕಡಿಮೆಯೇ ಇರುತ್ತದೆ.

ಹಳೆಯ ಸೈಟ್ ಪರೀಕ್ಷೆ ಮಾಡುವಾಗ ಒಂದು ವಿಷಯ ನೆನಪಿಡಬೇಕು. ಲೈಟು ಆರಿಸಿದ ಕೂಡಲೇ ನೋಡಿದರೆ ಮೋಸ ಹೋಗುತ್ತೀರಿ. ಟಾರ್ಚ್ ಅಥವಾ ಕೋಣೆಯ ಬೆಳಕು ಬಿದ್ದ ಫಾಸ್ಫರ್ ತನ್ನಷ್ಟಕ್ಕೆ ಕೆಲವು ಕ್ಷಣ ಮಿನುಗುತ್ತದೆ. "ಇನ್ನೂ ಚೆನ್ನಾಗಿದೆ" ಅನ್ನಿಸುತ್ತದೆ. ನಾನು ಪಿಸ್ತೂಲನ್ನು ಖಾಲಿ ಮಾಡಿ, ಕಿಟಕಿಯಿಲ್ಲದ ಬಟ್ಟೆ ಕೋಣೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು, ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಂಡ ಮೇಲೆ ನೋಡಿದೆ. ಮುಂದಿನ ಚುಕ್ಕೆ ಇದೆಯೋ ಇಲ್ಲವೋ ಎನ್ನುವಷ್ಟು ಮಬ್ಬು. ಹಿಂದಿನ ಎರಡರಲ್ಲಿ ಒಂದು ಪೂರ್ತಿ ಕಪ್ಪು. ಅರ್ಧ ಗಂಟೆ ಕತ್ತಲಲ್ಲಿ ಕೂತ ಕಣ್ಣಿಗೇ ಹೀಗೆ ಕಂಡರೆ, ನಿದ್ದೆಯಿಂದ ಎದ್ದು ಮನೆಯ ಮಂದ ಬೆಳಕಿಗೆ ಬಂದವರಿಗೆ ಏನೂ ಕಾಣುವುದಿಲ್ಲ.

ಮುಂದಿನ ದಾರಿ ಮೂರಿದ್ದವು. ಒಂದು, ಹಾಗೇ ಬಿಟ್ಟು ಹಗಲಿನ ಸೈಟ್ ಎಂದುಕೊಂಡು ಬಳಸುವುದು. ಎರಡು, ಹಳೆಯ ಸೈಟ್‌ನ ದೇಹವನ್ನೇ ಇಟ್ಟುಕೊಂಡು ಒಳಗಿನ ದೀಪ ಮಾತ್ರ ಬದಲಿಸಿಕೊಡುವವರಿಗೆ ಕಳಿಸುವುದು. ಮೂರು, ಪೂರ್ತಿ ಹೊಸ ಸೈಟ್. ಹಳೆಯ ಪಿಸ್ತೂಲನ್ನು ಮೂಲ ರೂಪದಲ್ಲೇ ಇಡಬೇಕು ಅನ್ನುವವರಿಗೆ ಎರಡನೆಯದು ಒಳ್ಳೆಯದು. ಕಳಿಸುವುದೂ ಕಷ್ಟವಲ್ಲ. ಅಮೆರಿಕದ ಕಾನೂನಿನ ಪ್ರಕಾರ ಇಂಥ ಪಿಸ್ತೂಲಿನಲ್ಲಿ ಫ್ರೇಮ್, ಅಂದರೆ ಹಿಡಿ ಇರುವ ಕೆಳಭಾಗ ಮಾತ್ರವೇ ಬಂದೂಕು. ಸ್ಲೈಡ್ ಬರೀ ಬಿಡಿಭಾಗ. ನಾನು ಹೊಸದನ್ನೇ ಆರಿಸಿದೆ. ಕಾರಣ ನನ್ನ ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕು. ಮೂರೂ ಚುಕ್ಕೆ ಒಂದೇ ಥರ ಬಿಳಿ ಇದ್ದರೆ ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಕಣ್ಣು ತಡವರಿಸುತ್ತದೆ. ಈಗ ಬರುವ ಸೈಟ್‌ಗಳಲ್ಲಿ ಮುಂದಿನ ದೀಪದ ಸುತ್ತ ದಪ್ಪ ಕಿತ್ತಳೆ ಬಣ್ಣದ ಉಂಗುರ ಇರುತ್ತದೆ, ಹಿಂದಿನ ದೀಪಗಳ ಸುತ್ತ ಬರೀ ಕಪ್ಪು. ಕಣ್ಣು ತಾನಾಗಿಯೇ ಮುಂದಿನದಕ್ಕೆ ಹೋಗುತ್ತದೆ. ಟ್ರಿಜಿಕಾನ್, ಮೆಪ್ರೊಲೈಟ್, ಅಮೆರಿಗ್ಲೊ ಹೀಗೆ ತಯಾರಕರು ಹಲವರಿದ್ದಾರೆ. ಬೆಲೆ ನೂರು ಡಾಲರ್ ದಾಟುತ್ತದೆ. ದೀಪದ ಬಣ್ಣಗಳಲ್ಲಿ ಹಸಿರನ್ನೇ ತೆಗೆದುಕೊಳ್ಳಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ.

ಪಾರ್ಸೆಲ್ ಬಂದ ದಿನ ಮನೆಯಲ್ಲಿ ಪ್ರಶ್ನೆ ಎದ್ದಿತು. ನನ್ನ ಹೆಂಡತಿ ಕಾರವಾರದ ಕಡೆಯವಳು. ಡಬ್ಬದ ಮೇಲಿನ ವಿಕಿರಣದ ಎಚ್ಚರಿಕೆ ಓದಿ, "ಟ್ರಿಟಿಯಂ ಅಂದ್ರೆ ಕೈಗಾದಲ್ಲಿ ನೀರಿಗೆ ಸೇರಿತ್ತಲ್ಲ, ಅದೇ ಅಲ್ವಾ ಇದು?" ಎಂದಳು.

ಅದೇ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಐವತ್ತಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಕಂಡುಬಂತು. ಕೈಗಾದಲ್ಲಿರುವುದು ಭಾರಜಲ ಬಳಸುವ ರಿಯಾಕ್ಟರ್‌ಗಳು. ಅಂಥವುಗಳಲ್ಲಿ ಭಾರಜಲದ ಡ್ಯುಟೀರಿಯಂ (ಹೈಡ್ರೋಜನ್‌ನ ಭಾರದ ರೂಪ) ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ. ಕೆನಡಾದ ರಿಯಾಕ್ಟರ್‌ಗಳೂ ಇದೇ ಜಾತಿಯವು. ಒಂಟಾರಿಯೊದ ಡಾರ್ಲಿಂಗ್ಟನ್‌ನಲ್ಲಿ ಭಾರಜಲದಿಂದ ಟ್ರಿಟಿಯಂ ಬೇರ್ಪಡಿಸುವ ಘಟಕವೇ ಇದೆ. ಇಂಥ ದೀಪಗಳಿಗೆ ಬೇಕಾದ ಟ್ರಿಟಿಯಂ ಅಲ್ಲಿಂದ ಹೋಗುತ್ತದೆ.

ಅವಳಿಗೆ ನಾನು ಹೇಳಿದ್ದು ಇಷ್ಟು. ಟ್ರಿಟಿಯಂ ದೇಹದ ಒಳಗೆ ಹೋದರೆ ಕಷ್ಟ, ಹೊರಗಿದ್ದರೆ ಅಲ್ಲ. ಅದರ ಎಲೆಕ್ಟ್ರಾನ್ ಬಹಳ ಬಡವ. ಗಾಳಿಯಲ್ಲಿ ಹೆಚ್ಚೆಂದರೆ ಆರು ಮಿಲಿಮೀಟರ್ ಹೋದೀತು. ಗಾಜು ದಾಟುವುದಿಲ್ಲ, ಚರ್ಮದ ಮೇಲಿನ ಸತ್ತ ಪದರವನ್ನೂ ದಾಟುವುದಿಲ್ಲ. ಕೈಗಾದಲ್ಲಿ ಅದು ನೀರಿನ ರೂಪದಲ್ಲಿ ಹೊಟ್ಟೆಗೆ ಹೋಯಿತು. ಇಲ್ಲಿ ಅದು ಗಾಜಿನೊಳಗೆ ಅನಿಲವಾಗಿ ಮುಚ್ಚಿಕೊಂಡಿದೆ. ಈ ಸೈಟ್ ತಯಾರಿಸುವವರಿಗೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಲೈಸೆನ್ಸ್ ಬೇಕು. ಬಳಸುವವರಿಗೆ ಬೇಡ. ಅಕಸ್ಮಾತ್ ಕೊಳವೆ ಒಡೆದರೆ ಏನು ಮಾಡಬೇಕು ಎಂಬುದನ್ನೂ ಹೇಳಿದೆ. ಕಿಟಕಿ ಬಾಗಿಲು ತೆಗೆದು ಹೊರಗೆ ಹೋಗಬೇಕು. ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈ ಚೆನ್ನಾಗಿ ತೊಳೆದುಕೊಳ್ಳಬೇಕು. "ಹಾಗಾದ್ರೆ ಅಡುಗೆಮನೆ ಟೇಬಲ್ ಮೇಲೆ ಮಾತ್ರ ಬೇಡ" ಎಂದಳು. ಸರಿಯಾದ ಮಾತು. ಕೆಲಸವನ್ನು ಗ್ಯಾರೇಜಿಗೆ ಹಾಕಿಕೊಂಡೆ.

ಸೈಟ್ ತರಿಸುವ ಮೊದಲು ಎತ್ತರ ನೋಡಿಕೊಳ್ಳಬೇಕು. ಸಿಗ್‌ನ ಈ ಹಳೆಯ ಮಾದರಿಗಳ ಸೈಟ್‌ಗಳಿಗೆ ಆರು, ಎಂಟು ಎಂಬಂಥ ನಂಬರ್ ಇರುತ್ತದೆ. ಮುಂದಿನ ಸೈಟ್‌ನ ನಂಬರ್ ಹೆಚ್ಚಾದರೆ ಗುಂಡು ಕೆಳಗೆ ಬೀಳುತ್ತದೆ. ಹಿಂದಿನದರ ನಂಬರ್ ಹೆಚ್ಚಾದರೆ ಮೇಲೆ ಹೋಗುತ್ತದೆ. ಎರಡನ್ನೂ ಜೋಡಿಯಾಗಿ ನೋಡಬೇಕು. ಮುಂದಿನದು ಮಾತ್ರ ಬದಲಿಸುತ್ತೇನೆ ಎಂದು ಹೊರಟವರು ಇದನ್ನು ಮರೆತು, ಆಮೇಲೆ ಪಿಸ್ತೂಲಿನದೇ ತಪ್ಪು ಅನ್ನುತ್ತಾರೆ. ನಾನು ಹಳೆಯವನ್ನು ಕ್ಯಾಲಿಪರ್‌ನಿಂದ ಅಳೆದು ಬರೆದಿಟ್ಟುಕೊಂಡೆ. ಹಿಂದಿನ ಸೈಟ್ ಸ್ಲೈಡಿನ ಎರಡೂ ಅಂಚಿನಿಂದ ಎಷ್ಟು ದೂರ ಇದೆ ಎಂಬುದನ್ನೂ ಬರೆದುಕೊಂಡೆ. ಕೊನೆಯಲ್ಲಿ ಈ ಅಳತೆ ತುಂಬಾ ಸಹಾಯ ಮಾಡಿತು.

ಈ ಪಿಸ್ತೂಲಿನ ಸ್ಲೈಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗಿನ ಪಿಸ್ತೂಲುಗಳ ಸ್ಲೈಡ್ ಉಕ್ಕಿನ ಗಟ್ಟಿಯನ್ನು ಕೊರೆದು ಮಾಡಿದ್ದು. ಆ ಕಾಲದ ಜರ್ಮನ್ ಪಿ228ರ ಸ್ಲೈಡ್ ಉಕ್ಕಿನ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ, ಮಡಿಸಿ ಮಾಡಿದ್ದು. ಗುಂಡಿನ ಹಿಂಬದಿಗೆ ಆನಿಕೊಳ್ಳುವ ಬ್ರೀಚ್ ಬ್ಲಾಕ್ ಬೇರೆಯೇ ತುಂಡು. ಅದನ್ನು ಒಳಗೆ ಕೂರಿಸಿ ಪಿನ್ ಹಾಕಿರುತ್ತಾರೆ. ಅದರ ಮೇಲೆ ನನಗೆ ಬಹಳ ಪ್ರೀತಿ. ಹಗುರ, ನಾಜೂಕು, ಈಗ ಅಂಥದ್ದು ಮಾಡುವುದಿಲ್ಲ. ಸುತ್ತಿಗೆಯಿಂದ ಬಡಿಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಹಿತ್ತಾಳೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಸೈಟ್ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ, ಕೆಲಸವೂ ಆಗುತ್ತದೆ. ಆದರೆ ಸೈಟ್ ಪುಷರ್ ಎಂಬ ಉಪಕರಣ ಇರುವಾಗ ಅದು ಬೇಕಾಗಿಲ್ಲ. ಸ್ಲೈಡನ್ನು ಬಿಗಿಯಾಗಿ ಹಿಡಿದು, ತಿರುಪು ತಿರುಗಿಸಿದಂತೆ ಸೈಟನ್ನು ಪಕ್ಕಕ್ಕೆ ತಳ್ಳುತ್ತದೆ. ಏಟಿಲ್ಲ, ಒತ್ತಡ ಮಾತ್ರ. ಹೊಸ ಸೈಟ್‌ನ ಗಾಜಿನ ಕೊಳವೆಗೂ ಅದೇ ಕ್ಷೇಮ.

ನಾನು ಹೋಗುವ ರೇಂಜ್‌ನಲ್ಲಿ ಒಬ್ಬರು ವಯಸ್ಸಾದ ಗನ್‌ಸ್ಮಿತ್ ಇದ್ದಾರೆ. ಸೇನೆಯಲ್ಲಿ ಆಯುಧ ರಿಪೇರಿ ಮಾಡಿದವರು. ಅವರ ಪುಷರ್ ಬಾಡಿಗೆಗೆ ಕೇಳಿದಾಗ ದುಡ್ಡು ಬೇಡ ಎಂದರು. ಬದಲಿಗೆ ಒಂದು ಷರತ್ತು ಹಾಕಿದರು. "ಏನೇ ಆಗಲಿ, ಸ್ಲೈಡಿಗೆ ಅರ ಮುಟ್ಟಿಸಬೇಡಿ. ಉಜ್ಜುವುದಿದ್ದರೆ ಸೈಟ್ ಉಜ್ಜಿ." ಸೈಟ್ ಹಾಳಾದರೆ ಇನ್ನೊಂದು ಸಿಗುತ್ತದೆ. ಸ್ಲೈಡಿನ ಗಾಡಿ, ಅಂದರೆ ಸೈಟನ್ನು ಪಕ್ಕದಿಂದ ತಳ್ಳಿ ಕೂರಿಸುವ ತೋಡು, ಅಗಲವಾಗಿಬಿಟ್ಟರೆ ಮುಂದೆ ಯಾವ ಸೈಟೂ ಬಿಗಿಯಾಗಿ ಕೂರುವುದಿಲ್ಲ.

ಕೆಲಸದ ದಿನ ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಂದೆ. ಮ್ಯಾಗಜೀನ್ ತೆಗೆದೆ. ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿದೆ. ಫ್ರೇಮಿನ ಎಡಗಡೆಯ ಲಿವರ್ ಕೆಳಕ್ಕೆ ತಿರುಗಿಸಿದರೆ ಸ್ಲೈಡ್ ಮುಂದಕ್ಕೆ ಜಾರಿ ಹೊರಬರುತ್ತದೆ. ಸ್ಪ್ರಿಂಗು, ಬ್ಯಾರೆಲ್ ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು ಬರೀ ಸ್ಲೈಡ್. ಫ್ರೇಮನ್ನು ಲಾಕರ್‌ನಲ್ಲಿಟ್ಟು ಬೀಗ ಹಾಕಿದೆ. ಮನೆಯಲ್ಲಿ ಮಗು ಇದೆ, ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಹಿಂದಿನ ರಾತ್ರಿಯೇ ಎರಡೂ ಸೈಟ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಮೂವತ್ತು ವರ್ಷ ಒಂದೇ ಕಡೆ ಕೂತ ಉಕ್ಕಿಗೆ ಇದು ಬೇಕೇಬೇಕು. ಬೆವರು, ಮಳೆ, ಹಳೆಯ ಎಣ್ಣೆ ಎಲ್ಲ ಸೇರಿ ಗಾಡಿಯೊಳಗೆ ಅಂಟು ಹಿಡಿದಿರುತ್ತದೆ. ಪಿಸ್ತೂಲು ಹಿಡಿದವರ ಕಡೆಯಿಂದ ನೋಡಿದರೆ ತೆಗೆಯುವುದು ಎಡದಿಂದ ಬಲಕ್ಕೆ, ಹಾಕುವುದು ಬಲದಿಂದ ಎಡಕ್ಕೆ. ಇದು ಗನ್‌ಸ್ಮಿತ್‌ಗಳ ಹಳೆಯ ವಾಡಿಕೆ. ಮುಂದಿನದು ತಕರಾರಿಲ್ಲದೆ ಬಂತು. ಹಿಂದಿನದು ಹಟ ಹಿಡಿಯಿತು. ತಿರುಪು ಬಿಗಿಯುತ್ತಾ ಹೋದರೂ ಅಲುಗಲಿಲ್ಲ. ಇಂಥ ಹೊತ್ತಿನಲ್ಲಿ ಇನ್ನಷ್ಟು ಜೋರು ಹಾಕುವುದು ತಪ್ಪು ದಾರಿ. ಉಪಕರಣ ಬಾಗುತ್ತದೆ, ಇಲ್ಲವೇ ಸ್ಲೈಡ್ ಬಾಗುತ್ತದೆ. ಬ್ಲೋ ಟಾರ್ಚ್ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ, ಒಳಗೆ ಇನ್ನೂ ಟ್ರಿಟಿಯಂ ಕೊಳವೆ ಇದೆಯಲ್ಲ. ತಿರುಪನ್ನು ಒತ್ತಡದಲ್ಲೇ ಬಿಟ್ಟು, ಇನ್ನೊಂದು ಹನಿ ಎಣ್ಣೆ ಹಾಕಿ ಒಳಗೆ ಹೋಗಿ ಕಾಫಿ ಕುಡಿದೆ. ಬಂದು ಕಾಲು ಸುತ್ತು ತಿರುಗಿಸಿದಾಗ ಟಕ್ ಎಂದು ಸದ್ದಾಗಿ ಬಿಟ್ಟುಕೊಂಡಿತು. ಆಮೇಲೆ ಸರಾಗ.

ಗಾಡಿಯಲ್ಲಿ ಕಂದು ಬಣ್ಣದ ಪುಡಿ ಇತ್ತು. ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಜಿಡ್ಡು ತೆಗೆಯುವ ದ್ರವದಿಂದ ಒರೆಸಿದೆ. ಒಳಗಿನ ಉಕ್ಕು ಚೊಕ್ಕವಾಗಿತ್ತು. ಅದನ್ನು ನೋಡಿ ನಿಜಕ್ಕೂ ಸಮಾಧಾನವಾಯಿತು. ಇಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಎಲ್ಲ ಕೆಲಸವೂ ಬೇರೆ ದಾರಿ ಹಿಡಿಯುತ್ತಿತ್ತು.

ಇನ್ನು ಹೊಸದನ್ನು ಕೂರಿಸುವುದು. ಎಲ್ಲಕ್ಕಿಂತ ನಿಧಾನ ಬೇಡುವ ಕೆಲಸ ಇದೇ. ಕೈಯಲ್ಲಿ ತಳ್ಳಿದಾಗ ಸೈಟ್ ಗಾಡಿಯಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಹೋಗಿ ನಿಲ್ಲಬೇಕು. ಉಳಿದದ್ದನ್ನು ಪುಷರ್ ತಳ್ಳಬೇಕು. ಪೂರ್ತಿ ಸಲೀಸಾಗಿ ಹೋದರೆ ಸಡಿಲ, ಗುಂಡಿನ ಏಟಿಗೆ ಜರುಗುತ್ತದೆ. ತುದಿಯಲ್ಲೇ ನಿಂತರೆ ಬಿಗಿ ಜಾಸ್ತಿ. ನನ್ನ ಹಿಂದಿನ ಸೈಟ್ ತುದಿಯಲ್ಲೇ ನಿಂತಿತು. ತಯಾರಕರು ಬೇಕೆಂದೇ ತುಸು ದಪ್ಪ ಬಿಟ್ಟಿರುತ್ತಾರೆ, ಪ್ರತಿ ಪಿಸ್ತೂಲಿಗೂ ಹೊಂದಿಸಿಕೊಳ್ಳಲಿ ಎಂದು. ಸೈಟ್‌ನ ತಳಕ್ಕೆ ಕಪ್ಪು ಮಾರ್ಕರ್ ಬಳಿದು, ಗಾಡಿಗೆ ತಳ್ಳಿ, ಹೊರತೆಗೆದು ನೋಡಿದರೆ ಎಲ್ಲಿ ಉಜ್ಜುತ್ತಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ಬಣ್ಣ ಹೋಗಿರುತ್ತದೆ. ಅಷ್ಟಕ್ಕೇ ಅರ ಆಡಿಸಬೇಕು. ತ್ರಿಕೋನದ ಸಣ್ಣ ಅರ, ಅದರ ಒಂದು ಮುಖ ನುಣುಪಾಗಿರಬೇಕು. ಹಾಗಿದ್ದರೆ ಒಂದು ಮುಖ ಉಜ್ಜುವಾಗ ಪಕ್ಕದ್ದಕ್ಕೆ ಗಾಯ ಆಗುವುದಿಲ್ಲ. ಒಂದೆರಡು ಎಳೆತ, ಮತ್ತೆ ಮಾರ್ಕರ್, ಮತ್ತೆ ತಳ್ಳಿ ನೋಡುವುದು. ಬೇಸರ ಬಂದರೆ ನಿಲ್ಲಿಸಬೇಕು. ಉಜ್ಜಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಮಧ್ಯಾಹ್ನ ಶುರು ಮಾಡಿದ್ದು ಸಂಜೆಯಾಯಿತು. ಕೊನೆಗೆ ಹೆಬ್ಬೆರಳಿನ ಒತ್ತಡಕ್ಕೆ ಅರ್ಧಕ್ಕೆ ತುಸು ಕಡಿಮೆ ಹೋಗಿ ಗಟ್ಟಿಯಾಗಿ ನಿಂತಿತು.

ಪುಷರ್‌ನಲ್ಲಿ ತಳ್ಳುವಾಗ ಒತ್ತುವ ತುಂಡು ಸೈಟ್‌ನ ಬುಡಕ್ಕೆ ಮಾತ್ರ ತಾಗಬೇಕು. ಮೇಲ್ಭಾಗಕ್ಕೆ ತಾಗಿದರೆ ಸೈಟ್ ಓರೆಯಾಗುತ್ತದೆ, ಕೊಳವೆಯ ಮೇಲೂ ಭಾರ ಬೀಳುತ್ತದೆ. ಮೊದಲೇ ಬರೆದಿಟ್ಟ ಅಳತೆ ಇತ್ತಲ್ಲ, ಅದಕ್ಕೆ ಸರಿಯಾಗಿ ತಂದು ನಿಲ್ಲಿಸಿದೆ. ಮುಂದಿನದನ್ನು ಸ್ಲೈಡಿನ ನಟ್ಟನಡುವೆ ಕೂರಿಸಿದೆ.

ರೇಂಜ್‌ಗೆ ಹೋಗಿ 15 ಗಜದಲ್ಲಿ, ಕೈಗೆ ಮರಳಿನ ಚೀಲದ ಆಸರೆ ಕೊಟ್ಟು ಹೊಡೆದೆ. ಗುಂಡುಗಳು ಒಟ್ಟಾಗಿಯೇ ಬಿದ್ದವು, ಆದರೆ ಸುಮಾರು ಐದು ಸೆಂಟಿಮೀಟರ್ ಎಡಕ್ಕೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಎಷ್ಟು ಎಂಬುದಕ್ಕೆ ಲೆಕ್ಕ ಸುಲಭ. ಎರಡು ಸೈಟ್‌ಗಳ ನಡುವಿನ ದೂರ ಹದಿನೈದು ಸೆಂಟಿಮೀಟರ್ ಆಸುಪಾಸು. ಗುರಿಯ ದೂರ 13.7 ಮೀಟರ್. ಐದನ್ನು ಹದಿನೈದರಿಂದ ಗುಣಿಸಿ 1370ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಅಷ್ಟೇ. ಕಣ್ಣಿಗೆ ಕಂಡೂ ಕಾಣದಷ್ಟು ಸರಿಸಿದರೆ ಸಾಕು. ಇಲ್ಲಿಯೇ ಪುಷರ್‌ನ ಬೆಲೆ ಗೊತ್ತಾಗುವುದು. ಸುತ್ತಿಗೆಯಲ್ಲಿ ಅರ್ಧ ಮಿಲಿಮೀಟರ್ ಸರಿಸಿ ನೋಡಿ! ಗನ್‌ಸ್ಮಿತ್ ಅಲ್ಲೇ ಇದ್ದರು. ನೋಡಿ ತಲೆಯಾಡಿಸಿದರು. ಬಲಕ್ಕೆ ಸರಿಸಿ ಮತ್ತೆ ಹೊಡೆದಾಗ ನಡುವಿಗೆ ಬಂತು. ಎತ್ತರ ಮೊದಲೇ ಸರಿ ಇತ್ತು.

ಕಿತ್ತಳೆ ಉಂಗುರದ ಬಗ್ಗೆ ನಾನು ನಿರೀಕ್ಷೆಗಿಂತ ಹೆಚ್ಚು ಖುಷಿಯಾಗಿದ್ದೇನೆ. ಪಿಸ್ತೂಲು ಎತ್ತಿದ ಕೂಡಲೇ ಕಣ್ಣು ಅದನ್ನು ಹಿಡಿಯುತ್ತದೆ. ಕತ್ತಲಲ್ಲಿ ಮೂರೂ ದೀಪ ಹಸಿರಾಗಿ ಎದ್ದು ಕಾಣುತ್ತವೆ, ಮುಂದಿನದು ಹೆಚ್ಚು ಪ್ರಕಾಶ.

ಆದರೆ ನೈಟ್ ಸೈಟ್ ಹಾಕಿಸಿದೆ, ಇನ್ನು ರಾತ್ರಿಗೆ ನಾನು ತಯಾರು ಎಂದುಕೊಳ್ಳುವುದು ಅಪಾಯ. ಈ ದೀಪ ತೋರಿಸುವುದು ಪಿಸ್ತೂಲು ಎತ್ತ ನೋಡುತ್ತಿದೆ ಎಂಬುದನ್ನು ಮಾತ್ರ. ಎದುರಿಗೆ ಯಾರಿದ್ದಾರೆ ಎಂಬುದನ್ನು ತೋರಿಸುವುದಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಒಂದು ಕೋವಿ ಇತ್ತು. ಕಾಡುಹಂದಿ ಬಂತೆಂದು ರಾತ್ರಿ ತೋಟಕ್ಕೆ ಇಳಿಯುವಾಗ ಅಜ್ಜ ಮೊದಲು ಕೈಗೆ ತೆಗೆದುಕೊಳ್ಳುತ್ತಿದ್ದದ್ದು ಬ್ಯಾಟರಿ. "ಬೆಳಕು ಬಿಟ್ಟು ನೋಡ್ದೆ ಕೋವಿ ಎತ್ಬಾರ್ದು ಮಗಾ, ಆಚೆ ಮನೆಯವ್ರೂ ತೋಟ ಕಾಯ್ತಿರ್ತಾರೆ" ಎನ್ನುತ್ತಿದ್ದರು. ಹ್ಯೂಸ್ಟನ್‌ನ ಮನೆಯಲ್ಲಿ ರಾತ್ರಿ ನೀರು ಕುಡಿಯಲು ಎದ್ದು ಬರುವುದು ನನ್ನ ಮಗಳೇ ಆಗಿರಬಹುದು. ಹಾಗಾಗಿ ಲಾಕರ್‌ನಲ್ಲಿ ಪಿಸ್ತೂಲಿನ ಪಕ್ಕ ಒಂದು ಒಳ್ಳೆಯ ಟಾರ್ಚ್ ಇದೆ. ಎರಡರಲ್ಲಿ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಟಾರ್ಚನ್ನೇ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನು ಹಳೆಯ ಸೈಟ್‌ಗಳು. ಮಂಕಾಗಿದ್ದರೂ ಒಳಗೆ ಟ್ರಿಟಿಯಂ ಇದ್ದೇ ಇದೆ, ಕಸದ ಡಬ್ಬಿಗೆ ಹಾಕುವಂಥದ್ದಲ್ಲ. ತಮಗೇ ವಾಪಸ್ ಕಳಿಸಿ ಎಂದು ತಯಾರಕರು ಹೇಳುತ್ತಾರೆ. ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ ಹೇಗೆ ಪ್ಯಾಕ್ ಮಾಡಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಾನು ಎರಡನ್ನೂ ಬೇರೆ ಬೇರೆ ಸಣ್ಣ ಚೀಲದಲ್ಲಿ ಹಾಕಿ, ಸ್ಪಂಜಿನಲ್ಲಿ ಸುತ್ತಿ, ಅವರು ಹೇಳಿದ ವಿಳಾಸಕ್ಕೆ ಕಳಿಸಿದೆ. ಹೊಸ ಸೈಟ್ ಹಾಕಿದ ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಪಿಸ್ತೂಲಿನ ಡಬ್ಬದ ಮುಚ್ಚಳಕ್ಕೆ ಒಳಗಿನಿಂದ ಅಂಟಿಸಿದ್ದೇನೆ. ಹನ್ನೆರಡು ವರ್ಷಕ್ಕೆ ತೆಗೆದು ನೋಡಬೇಕು ಎಂದೂ ಅದರಲ್ಲೇ ಬರೆದಿದೆ.